ಬ್ಯಾಗಿನಿಂದ ತೆಗೆದ ಮಾತ್ರೆ

ನನ್ನ ತಂಗಿ ಒಂದೇ ಒಂದು ಸಲ ಮಾತ್ರೆ ಮರೆತಳು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಅವಳೂ ಹಾಗೆಯೇ ನಂಬಿದ್ದಾಳೆ. ಆ ಮಾತ್ರೆಯನ್ನು ಅವಳ ಬ್ಯಾಗಿನಿಂದ ತೆಗೆದವಳು ನಾನು.

ನಾನು ಓದಿದ್ದು ಏಳನೆಯವರೆಗೆ. ಸಿದ್ದಾಪುರದ ಹತ್ತಿರ ಒಂದು ಎಸ್ಟೇಟಿನ ಲೈನಿನಲ್ಲಿ, ಕೆಲಸದವರ ಸಾಲುಮನೆಗಳಲ್ಲಿ, ನಮ್ಮ ಮನೆ ಇತ್ತು. ಅವ್ವನೂ ನಾನೂ ತೋಟದ ಕೆಲಸಕ್ಕೆ ಹೋಗುತ್ತಿದ್ದೆವು. ತಂಗಿ ಮಡಿಕೇರಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಳು. ಎಂಟು ವರ್ಷದವಳಿದ್ದಾಗಿನಿಂದ ಅವಳಿಗೆ ಫಿಟ್ಸ್ ಬರುತ್ತಿತ್ತು. ಬರುವ ಮುಂಚೆ ಅವಳ ಕಣ್ಣು ಎಡಕ್ಕೆ ತಿರುಗಿ ಅಲ್ಲೇ ನಿಲ್ಲುತ್ತಿತ್ತು, ಆ ಕಡೆಯಿಂದ ಯಾರೋ ಕರೆದ ಹಾಗೆ. ಆಮೇಲೆ ಬೀಳುತ್ತಿದ್ದಳು. ಲೈನಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವಳು ಬಿದ್ದಾಗ ಅವ್ವ ಮೊದಲು ಬಾಗಿಲು ಹಾಕುತ್ತಿದ್ದಳು, ನಾನು ಟಿವಿ ಜೋರು ಮಾಡುತ್ತಿದ್ದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಶುರುವಾದ ಮೇಲೆ ಮೂರು ವರ್ಷ ಏನೂ ಆಗಿರಲಿಲ್ಲ. ಒಂದು ಹೊತ್ತೂ ತಪ್ಪಿಸಬಾರದು ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದ್ದರು.

ಆ ವರ್ಷ ಕಾಫಿ ಪಿಕಿಂಗ್ ನಡೆಯುತ್ತಿದ್ದಾಗ ಮೂರ್ನಾಡಿನಿಂದ ನನ್ನನ್ನು ನೋಡಲು ಬಂದಿದ್ದರು. ಒಪ್ಪಿಗೆ ಎಂದು ಹೇಳಿ ಕಳಿಸಿ, ಮಾತುಕತೆಗೆ ದಿನವನ್ನೂ ಇಟ್ಟಿದ್ದರು. ತಂಗಿಯ ಕಾಯಿಲೆಯ ವಿಷಯ ನಾವು ಬಾಯಿ ಬಿಟ್ಟಿರಲಿಲ್ಲ. ಅದೇ ಸಮಯಕ್ಕೆ ಕಾಲೇಜಿನವರು ಮಕ್ಕಳನ್ನು ಎರಡು ದಿನ ಸಮುದ್ರದ ಊರಿಗೆ ಕರೆದುಕೊಂಡು ಹೋಗಿ ದೊಡ್ಡ ಹೋಟೆಲುಗಳನ್ನು ತೋರಿಸುವುದು ಎಂದಾಯಿತು. ಇಂಗ್ಲಿಷ್ ಫಾರಮ್ಮನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತುಂಬಿಕೊಟ್ಟರು. ಕಾಯಿಲೆ ಏನಾದರೂ ಉಂಟಾ ಎಂದು ಕೇಳಿದಾಗ ಇಲ್ಲ ಎಂದೆ. ರೂಮಿಗೆ ಇಬ್ಬರಂತೆ ಹಾಕಿದ್ದರು. ತಂಗಿಯ ಜೊತೆ ಇದ್ದವಳು ನನ್ನನ್ನು ನೋಡಿಹೋದ ಹುಡುಗನ ಚಿಕ್ಕಪ್ಪನ ಮಗಳು.

ಅವಳ ಹೆಸರು ಕೇಳಿದ ದಿನದಿಂದ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬಾತ್‌ರೂಮಿನೊಳಗೆ ನುಂಗುತ್ತೇನೆ ಬಿಡು ಎಂದು ತಂಗಿ ಸಮಾಧಾನ ಹೇಳಿದಳು. ಆದರೆ ಒಂದೇ ರೂಮಿನಲ್ಲಿ ಇರುವಾಗ ಬ್ಯಾಗು ತೆರೆದಿರುತ್ತದೆ, ಬೆಳ್ಳಿ ಬಣ್ಣದ ಹಾಳೆ ಕಣ್ಣಿಗೆ ಬೀಳುತ್ತದೆ, ಯಾತಕ್ಕೆ ಎಂದು ಕೇಳುತ್ತಾಳೆ. ಹೊರಡುವ ಬೆಳಿಗ್ಗೆ ತಂಗಿ ಜಡೆ ಹಾಕಿಸಿಕೊಳ್ಳಲು ಅವ್ವನ ಮುಂದೆ ಕೂತಿದ್ದಳು. ನಾನು ಜಿಪ್ ಎಳೆದು ಮಾತ್ರೆಯ ಹಾಳೆ ತೆಗೆದು ನನ್ನ ಸೊಂಟದ ಚೀಲಕ್ಕೆ ಹಾಕಿಕೊಂಡೆ. ಮಾತ್ರೆ ಇಟ್ಟಿದ್ದೀಯಾ ಎಂದು ಅವ್ವ ಕೂತಲ್ಲಿಂದಲೇ ಕೇಳಿದಳು. ಇಟ್ಟಿದ್ದೇನೆ ಎಂದು ತಂಗಿಯೇ ಉತ್ತರ ಕೊಟ್ಟಳು.

ನಮ್ಮ ಲೈನಿನಲ್ಲಿ ನೀರಿನ ಟ್ಯಾಂಕಿನ ಹತ್ತಿರ ಮಾತ್ರ ಫೋನಿಗೆ ರೇಂಜ್ ಸಿಗುತ್ತಿತ್ತು. ಸಂಜೆ ಅಲ್ಲಿ ಹೋಗಿ ನಿಂತಾಗ ತಂಗಿಯ ಫೋನ್ ಬಂತು.

"ಅಕ್ಕ, ಮಾತ್ರೆ ಕಾಣ್ತಿಲ್ಲ. ಬ್ಯಾಗೆಲ್ಲ ಕೊಡವಿ ಹಾಕಿದೆ."

ನನ್ನ ಕೈ ಸೊಂಟದ ಚೀಲದ ಮೇಲೆ ಹೋಯಿತು. ಅವಳೇ ಹೇಳಿದಳು, "ನಾನೇ ಎಲ್ಲೋ ಹೊರಗೆ ಬಿಟ್ಟಿದ್ದೇನೆ ಕಾಣ್ತದೆ. ಎಂತ ಮಾಡೋದು? ಮೇಡಂಗೆ ಹೇಳ್ಲಾ?"

"ಬೇಡ," ಎಂದೆ. "ಮೂರು ವರ್ಷದಿಂದ ಬಂದಿಲ್ಲ. ಎರಡು ದಿನಕ್ಕೆ ಎಂತ ಆಗ್ತದೆ? ನಾಳೆ ಬರ್ತೀಯಲ್ಲ."

"ಹೌದಲ್ಲ," ಎಂದಳು. ಅಕ್ಕನ ಮಾತೆಂದರೆ ಅವಳಿಗೆ ಅಷ್ಟು ನಂಬಿಕೆ.

ಮಾರನೆಯ ದಿನ ನಮ್ಮನ್ನು ಕಾಫಿ ಒಣಗಿಸುವ ಕಣದ ಹತ್ತಿರದ ತೋಟಕ್ಕೆ ಹಾಕಿದ್ದರು. ಅಲ್ಲಿ ಆಗಾಗ ರೇಂಜ್ ಬರುತ್ತಿತ್ತು. ತಂಗಿ ಪ್ರತಿ ಹೋಟೆಲಿನಿಂದಲೂ ಫೋಟೋ ಕಳಿಸುತ್ತಿದ್ದಳು. ಮೊದಲ ಹೋಟೆಲಿನ ಬಾಗಿಲಲ್ಲಿ ತಂಗಿಯ ಕ್ಲಾಸಿನವರೆಲ್ಲ ಕರಿ ಕೋಟು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಎರಡನೆಯದರಲ್ಲಿ ಹಾಸಿಗೆಯ ಮೇಲೆ ಟವೆಲಿನಿಂದ ಮಾಡಿದ ಹಂಸ. ಮೂರನೆಯದರಲ್ಲಿ ನಮ್ಮ ಇಡೀ ಲೈನಿಗಿಂತ ಉದ್ದದ ಅಡುಗೆಮನೆ, ಒಲೆಯ ಮೇಲೆ ಆಳೆತ್ತರ ಬೆಂಕಿ. ಬೇರೆಯವರಿಗೆ ಚೆಂದ ಕಾಣುತ್ತಿತ್ತೋ ಏನೋ. ನನಗೆ ಬೆಂಕಿ ಕಂಡಿತು, ಮೆಟ್ಟಿಲಿನ ತುದಿ ಕಂಡಿತು, ಗಾಜಿನ ಮೇಜಿನ ಮೂಲೆ ಕಂಡಿತು. ಹಣ್ಣು ಕೊಯ್ಯುತ್ತಿದ್ದ ಕೈ ನಿಂತು ನಿಂತು ಹೋಗುತ್ತಿತ್ತು. ಮದುವೆ ಹುಡುಗಿಗೆ ಫೋನಿನ ಹುಚ್ಚು ಹಿಡಿದಿದೆ ಎಂದು ಪಕ್ಕದ ಸಾಲಿನ ಹೆಂಗಸರು ನಗಾಡಿದರು.

ಊಟದ ಹೊತ್ತಿಗೆ ನಾಲ್ಕನೆಯ ಹೋಟೆಲಿನ ಫೋಟೋ ಬಂತು. ಈಜುಕೊಳದ ಅಂಚಿನಲ್ಲಿ ಎಲ್ಲರೂ ನಿಂತಿದ್ದರು, ಹಿಂದೆ ಸಮುದ್ರ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರು. ತಂಗಿ ಮಾತ್ರ ಎಡಕ್ಕೆ ನೋಡುತ್ತಿದ್ದಳು.

ಅವಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಫಾರಮ್ಮಿನ ಜೊತೆ ಕೊಟ್ಟ ಚೀಟಿಯಲ್ಲಿ ಮೇಡಂ ನಂಬರ್ ಇತ್ತು. ಮಾಡಿದೆ. ಅವರು ಒಳಗಿದ್ದರು, ಮಕ್ಕಳು ಹೊರಗಿದ್ದಾರೆ ಎಂದರು. ಏನು ವಿಷಯ ಎಂದು ಕೇಳಿದರು. ನೀರಿನ ಹತ್ತಿರದಿಂದ ಅವಳನ್ನು ಈಚೆ ಕರೆಯಿರಿ, ಅವಳಿಗೆ ಫಿಟ್ಸ್ ಉಂಟು ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅವರ ಹಿಂದೆ ಯಾವುದೋ ಹುಡುಗಿಯ ದನಿ ಕೇಳಿತು. ಮೂರ್ನಾಡಿನ ಆ ಹುಡುಗಿಯೇ ಇರಬಹುದು, ಕೇಳಿಸಿಕೊಂಡರೆ ಎಂದುಕೊಂಡೆ.

"ಮಕ್ಕಳದ್ದು ಊಟ ಆಯ್ತಾ ಮೇಡಂ?" ಎಂದು ಕೇಳಿದೆ.

ಇನ್ನೇನು ಮಾಡುತ್ತಾರೆ ಎಂದು ಅವರು ನಕ್ಕು ಫೋನ್ ಇಟ್ಟರು.

ಆಮೇಲೆ ಫೋಟೋ ಬರಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಕೊಯ್ದ ಹಣ್ಣು ಚೆಲ್ಲಿಕೊಂಡು ಗಿಡದ ಬುಡದಲ್ಲಿ ಕೂತುಬಿಟ್ಟಿದ್ದೆ. ಫೋನ್ ಬಡಿದುಕೊಂಡಾಗ ಮೇಡಂ ದನಿ ಬೇರೆಯೇ ಆಗಿತ್ತು. ತಂಗಿ ಕೊಳಕ್ಕೆ ಬಿದ್ದಿದ್ದಳು. ಮೂರ್ನಾಡಿನ ಹುಡುಗಿ ಕೋಟು ಹಿಡಿದು ಎಳೆಯಲು ಹೋಗಿ ತಾನೂ ಮುಗ್ಗರಿಸಿದ್ದಳು, ಹೋಟೆಲಿನ ಕೆಲಸದವನು ಹಾರಿ ಇಬ್ಬರನ್ನೂ ಎತ್ತಿದ್ದ. ಈಗ ಆಸ್ಪತ್ರೆಯಲ್ಲಿದ್ದಾರೆ, ತಂಗಿಗೆ ಇನ್ನೂ ಮಾತು ಬಂದಿಲ್ಲ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳಾ ಎಂದು ಡಾಕ್ಟರು ಕೇಳುತ್ತಿದ್ದಾರೆ ಎಂದರು.

ನಾನು ಸೊಂಟದ ಚೀಲದಿಂದ ಹಾಳೆ ತೆಗೆದೆ. ಇಂಗ್ಲಿಷ್ ಕೂಡಿಸಿ ಓದಲು ನನಗೆ ಬರುವುದಿಲ್ಲ, ಒಂದೊಂದೇ ಅಕ್ಷರ ಹೇಳಿದೆ. ಕೈಯಲ್ಲಿದ್ದ ಕಾಫಿ ಹಣ್ಣಿನ ಅಂಟು ಹಾಳೆಗೆ ಮೆತ್ತಿ ಅಕ್ಷರ ಮುಚ್ಚುತ್ತಿತ್ತು, ಸೆರಗಿನಿಂದ ಒರೆಸಿ ಮತ್ತೆ ಹೇಳಿದೆ.

"ಮಾತ್ರೆ ನಿಮ್ಮ ಹತ್ರ ಹೇಗಿದೆ?" ಎಂದು ಮೇಡಂ ಕೇಳಿದರು.

"ಅವಳು ಮನೇಲಿ ಮರೆತು ಹೋಗಿದ್ದಾಳೆ."

ತಂಗಿ ಉಳಿದಳು. ಮೂರು ದಿನದ ಮೇಲೆ ಮನೆಗೆ ಬಂದು ಅವ್ವನಿಂದ ಬೈಸಿಕೊಂಡಳು. ನನ್ನದೇ ತಪ್ಪು ಎಂದು ಅತ್ತಳು. ನಾನು ಅವಳ ಬೆನ್ನು ಸವರುತ್ತಾ ಕೂತಿದ್ದೆ. ಅದಕ್ಕಿಂತ ಕೆಟ್ಟದ್ದನ್ನು ನಾನು ಮಾಡಿಲ್ಲ.

ಮದುವೆ ಮುರಿಯಲಿಲ್ಲ. ಆ ಹುಡುಗಿ ಅದೇ ಸಂಜೆ ಮನೆಯವರಿಗೆಲ್ಲ ಹೇಳಿದ್ದಳು. ನನ್ನ ಗಂಡನಾಗುವವರು ಅವ್ವನಿಗೆ ಫೋನ್ ಮಾಡಿ, ಮಾತ್ರೆ ತಿಂದರೆ ಸರಿ ಇರ್ತದಲ್ಲ, ಅದಕ್ಕೆ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದರಂತೆ. ನಾನು ಹೆದರಿದ್ದು ಇಷ್ಟಕ್ಕೆ.

ಈಗ ತಂಗಿ ಸುಂಟಿಕೊಪ್ಪದ ಹತ್ತಿರ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದಾಳೆ. ರಜೆ ಸಿಕ್ಕರೆ ಮೂರ್ನಾಡಿಗೆ, ನಮ್ಮ ಮನೆಗೆ ಬರುತ್ತಾಳೆ. ಎಂಟು ಗಂಟೆಗೆ ಅವಳ ಫೋನಿನಲ್ಲಿ ಅಲಾರಾಂ ಹೊಡೆಯುತ್ತದೆ. ನನ್ನ ಮರೆವಿನ ತಲೆಗೆ ಇದೇ ಗತಿ ಎಂದು ನಗುತ್ತಾ ಮಾತ್ರೆ ನುಂಗುತ್ತಾಳೆ. ಆ ಸದ್ದು ಕೇಳಿದಾಗಲೆಲ್ಲ ನನಗೆ ಕಣದ ಹತ್ತಿರದ ಆ ಗಿಡದ ಬುಡ ನೆನಪಾಗುತ್ತದೆ.

ಬಾಯಲ್ಲಿ ಹೇಳಲು ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಇದನ್ನು ಬರೆದೆ. ಹಳೆಯ ಮಾತ್ರೆಯ ಹಾಳೆ ಇನ್ನೂ ನನ್ನ ಹತ್ತಿರವೇ ಇದೆ, ಅಂಟು ಒಣಗಿ ಕಪ್ಪಾಗಿದೆ. ಈ ಕಾಗದದ ಜೊತೆ ಅದನ್ನೂ ಅವಳ ಕೈಗೆ ಕೊಡಬೇಕು. ಹೋದ ತಿಂಗಳು ಅವಳು ಬಂದಾಗಲೂ ಹೀಗೆಯೇ ಒಂದು ಕಾಗದ ಬರೆದು ಹಾಳೆಯ ಜೊತೆ ಮಡಚಿ ಇಟ್ಟುಕೊಂಡಿದ್ದೆ. ಅಲಾರಾಂ ಹೊಡೆಯಿತು. ಅವಳು ನೀರು ಕೇಳಿದಳು. ನೀರನ್ನಷ್ಟೇ ತಂದುಕೊಟ್ಟೆ.