ಕೆಳಗಿನ ಸಾಲಿನಿಂದ

ಅವತ್ತು ನನ್ನನ್ನು ಗುರಿ ಮುಟ್ಟಿಸಿದ್ದು ನಕ್ಷೆ, ಅದನ್ನು ಓದಲು ಕಲಿತ ನಾನು. ದೆವ್ವವಲ್ಲ. ದೆವ್ವ ಕಂಡೆ ಎನ್ನುವವರಿಗೆ ಹೊಟ್ಟೆ ಕೆಟ್ಟಿರಬೇಕು ಎಂದು ಆಡಿಕೊಂಡೇ ಬಂದವಳು ನಾನು. ಆದರೆ ನಡುವೆ ಒಂದು ಸಂಗತಿ ನಡೆಯಿತು. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಓದಿದ್ದು ಮೂರನೇ ಕ್ಲಾಸು. ಮಗಳಿಗೆ ಕಾಶಿಯ ವಿಶ್ವವಿದ್ಯಾಲಯದಲ್ಲಿ ಕೆಲಸ. ಅಲ್ಲೇ ಭೇಲೂಪುರದ ಬಾಡಿಗೆ ಮನೆಯಲ್ಲಿ ಅವಳ ಜೊತೆ ಇದ್ದೇನೆ. "ಗಲ್ಲಿಯಲ್ಲಿ ತಪ್ಪಿಸ್ಕೊಂಡ್ರೆ ಎಲ್ಲಿ ಅಂತ ಹುಡುಕಲಿ ಅವ್ವಾ?" ಎಂದು ಅವಳು ನನ್ನನ್ನು ಒಬ್ಬಳನ್ನೇ ಹೊರಗೆ ಬಿಡುತ್ತಿರಲಿಲ್ಲ. ಮೊಮ್ಮಗಳು ಶಾಲೆಯಲ್ಲಿ ನಕ್ಷೆ ಓದುವುದನ್ನು ಕಲಿತು ಬಂದು ನನಗೂ ಕಲಿಸಿದಳು. ಊರಿನ ನಕ್ಷೆಯ ಮೇಲೆ ಗೆರೆ ಎಳೆದು ಚೌಕ ಮಾಡಿದಳು. ಎರಡು ಅಂಕಿ ಹೇಳಿದರೆ ಒಂದು ಚೌಕ ಸಿಗುತ್ತದೆ. "ಪೆಹಲೇ ಅಡ್ಡ, ಆಮೇಲೆ ಮೇಲಕ್ಕೆ. ಸಮಝೀ?" ಎಂದಳು. ಗೆರೆಗಳಿಗೆ ಅಂಕಿ ಬರೆಯಹೋದವಳನ್ನು ನಾನೇ ತಡೆದೆ. "ರಂಗೋಲಿ ಚುಕ್ಕಿ, ಸಾಲು ಎಣಿಸೋದು ನಿಮ್ಮಮ್ಮನಿಗೇ ಕಲಿಸಿದೋಳು ನಾನು, ಸುಮ್ನಿರೇ."

ಚಳಿಗಾಲದ ಒಂದು ಸಂಜೆ ಪರೀಕ್ಷೆ ಇಟ್ಟರು. ಗೋದೌಲಿಯಾ ಪೇಟೆಯಲ್ಲಿ ನಕ್ಷೆಯ ಸಮೇತ ನನ್ನನ್ನು ಬಿಟ್ಟು, ಎರಡು ಅಂಕಿ ಹೇಳಿ, ತಾಯಿ ಮಗಳು ರಿಕ್ಷಾ ಹತ್ತಿ ಹೋದರು. ಆ ಚೌಕದಲ್ಲಿ ಅವರು ಕಾಯುವುದು. ಯಾರನ್ನೂ ದಾರಿ ಕೇಳದೆ ತಲುಪಿದರೆ ಇನ್ನು ನನ್ನ ಓಡಾಟಕ್ಕೆ ತಡೆಯಿಲ್ಲ. ತಪ್ಪಿದರೆ ನಾನು ಆ ಮಾತನ್ನೇ ಮತ್ತೆ ಎತ್ತುವಂತಿಲ್ಲ.

ನಡೆದೆ. ಮಂಜು ಇಳಿಯಿತು. ಎಣಿಸಿದ ಚೌಕಕ್ಕೇ ಬಂದೆ. ಅಲ್ಲಿ ಒಂದು ಹಸು ಬಿಟ್ಟರೆ ಯಾರೂ ಇಲ್ಲ. ಮತ್ತೆ ಎಣಿಸಿದೆ, ಅದೇ ಚೌಕ. ಯಾರನ್ನಾದರೂ ಕೇಳಿಬಿಡೋಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಪಕ್ಕದ ಮನೆಯ ಮೆಟ್ಟಿಲ ಮುಂದೆ ಒಬ್ಬ ಹೆಂಗಸು ಬಗ್ಗಿ ಚುಕ್ಕಿ ಇಡುತ್ತಿದ್ದಳು. ಆ ಗಲ್ಲಿಗಳಲ್ಲಿ ಚುಕ್ಕಿ ರಂಗೋಲಿಯನ್ನು ನಾನು ಕಂಡೇ ಇರಲಿಲ್ಲ. ಅವಳು ತಲೆ ಎತ್ತದೆ, ನಮ್ಮ ಕಡೆಯ ಕನ್ನಡದಲ್ಲಿ ಅಂದಳು: "ಅದು ರಂಗೋಲಿ ಅಲ್ಲವ್ವ. ಕೆಳಗಿನ ಸಾಲಿಂದ ಎಣಿಸು."

ನಕ್ಷೆ ನೋಡಿದೆ. ರಂಗೋಲಿಗೆ ಮೇಲಿನ ಸಾಲಿನಿಂದ ಶುರು ಮಾಡಿ ಹಿಂದೆ ಸರಿಯುತ್ತ ಬರುತ್ತೇವೆ. ಇಲ್ಲದಿದ್ದರೆ ಇಟ್ಟ ಚುಕ್ಕಿ ಕಾಲಿಗೆ ಸಿಗುತ್ತದೆ. ಮೊಮ್ಮಗಳು ಮೇಲಕ್ಕೆ ಅಂದಿದ್ದರೂ ಬೆರಳು ಆ ರೂಢಿಗೇ ಹೋಗಿ ಮೇಲಿನಿಂದ ಎಣಿಸಿತ್ತು. ಮತ್ತೆ ತಲೆ ಎತ್ತಿದಾಗ ಅವಳಿರಲಿಲ್ಲ. ಒಳಗೆ ಹೋಗಿರಬೇಕು ಅಂದುಕೊಂಡೆ.

ಆಮೇಲೆ ಒಂದು ತಿರುವೂ ತಪ್ಪಲಿಲ್ಲ. ಕತ್ತಲಾಗುವ ಮೊದಲೇ ಸೇರಿದೆ. "ಅರೇ, ಅಜ್ಜಿ ಆ ಗಯೀ" ಎಂದು ಮೊಮ್ಮಗಳು ಕುಣಿದಳು.

"ಯಾರನ್ನ ಕೇಳ್ದೆ?" ಎಂದಳು ಮಗಳು.

"ಯಾರನ್ನೂ ಕೇಳ್ಲಿಲ್ಲ" ಎಂದೆ. ನಾನು ಕೇಳಿರಲಿಲ್ಲ ತಾನೆ. ಅವಳೇ ಹೇಳಿದ್ದು.

ಮರುದಿನ ಬೆಳಿಗ್ಗೆ ರಂಗೋಲಿ ಪುಡಿಯ ಡಬ್ಬಿ ಹಿಡಿದು ಒಬ್ಬಳೇ ಆ ತಪ್ಪು ಚೌಕಕ್ಕೆ ಹೋದೆ. ಮೆಟ್ಟಿಲಿತ್ತು. ಬಾಗಿಲಿನ ಜಾಗಕ್ಕೆ ಇಟ್ಟಿಗೆ ಕಟ್ಟಿದ್ದರು. ಆ ಇಟ್ಟಿಗೆಯ ಮೇಲೆ ಪಾಚಿ ಹಳೆಯದಾಗಿ ಕಪ್ಪಾಗಿತ್ತು. ನೆಲದಲ್ಲಿ ಚುಕ್ಕಿಯ ಗುರುತೂ ಇಲ್ಲ. ನಾನು ಬಾಯಿ ಬಿಡದೆ ಬೆರಳಲ್ಲಿ ಎಣಿಸಿದ್ದು ತಲೆಯನ್ನೂ ಎತ್ತದ ಅವಳಿಗೆ ಹೇಗೆ ತಿಳಿಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮೆಟ್ಟಿಲ ಮುಂದಿನ ಕಲ್ಲನ್ನು ಸೆರಗಿನಿಂದ ಒರೆಸಿ ಚುಕ್ಕಿ ಇಡಲು ಬಗ್ಗಿದೆ. ಕೆಳಗಿನ ಸಾಲಿನಿಂದಲೇ ಶುರು ಮಾಡಿದೆ.