ಮನೆ ಕಡೆ ಹೊರಟ ಗಂಟೆ

“ಎಮ್ಮಿ ತಪ್ಪಿಸ್ಕೊಂಡೈತೇನ್ರಿ ಅಕ್ಕಾರ? ಈ ಕಡೆ ಬಂದಿಲ್ರಿ.”

ಏಕಸಂಬಿ ರಸ್ತೆಯ ಬೆಳಗಿನ ಮಂಜಿನಲ್ಲಿ, ಕಾರ್ಖಾನೆಗೆ ಕಬ್ಬು ಹಾಕಿ ಖಾಲಿ ಗಾಡಿಯಲ್ಲಿ ಮರಳುತ್ತಿದ್ದ ಅಜ್ಜ ಕೇಳಿದ. ಐವತ್ತರ ಹೆಂಗಸು ಏದುಸಿರು ಬಿಡುತ್ತ ಓಡಿದರೆ ಅವನಾದರೂ ಇನ್ನೇನು ತಿಳಿಯಬೇಕು? ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ತಯಾರಿ, ಆದರೆ ಎರಡಕ್ಕೇ ಸುಸ್ತಾಗುತ್ತೇನೆ ಎಂದೆ. ಅಜ್ಜ ನಗಲಿಲ್ಲ.

“ಎತ್ತು ಮನಿ ಕಡೆ ಹೊಂಟಾವ್ರಿ, ಒಂದ ಸಮ ಓಡ್ತಾವ. ಗಂಟಿ ಕೇಳ್ಕೋತ ಹಿಂದ ಬರ್ರಿ.”

ಗಾಡಿ ಮಂಜಿನಲ್ಲಿ ಕರಗಿತು. ಕೊರಳ ಗಂಟೆಯ ಸದ್ದಷ್ಟೇ ಮುಂದೆ, ಅದರ ಹಿಂದೆ ನಾನು. ಅದು ನಿಂತಾಗ ಕಬ್ಬು ಕಡಿಯುವವರ ಗುಡಿಸಲುಗಳ ಮುಂದಿದ್ದೆ. ಐದು ಕಿಲೋಮೀಟರ್ ಮುಗಿದಿತ್ತು.

ಹಂಗಾಮು ಮುಗಿದು, ಗುಡಿಸಲು ಕಿತ್ತು ಅವರೆಲ್ಲ ಊರಿಗೆ ಹೋಗಿದ್ದಾರೆ. ನಾನಿನ್ನೂ ಓಡುತ್ತಿದ್ದೇನೆ. ಉಸಿರು ಸೋತಲ್ಲೆಲ್ಲ ಆ ಗಂಟೆ, ಸ್ವಲ್ಪ ಮುಂದೆ, ಮನೆ ಕಡೆ ಹೋಗುತ್ತಿರುತ್ತದೆ.