ಕರೆಯುವವರು, ಕಳಿಸುವವರು

ಅರವತ್ತರ ದಶಕದ ಆರಂಭದಲ್ಲಿ, ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ, ನನ್ನಕ್ಕ ಹೆರಿಗೆಗೆಂದು ಹಳಿಯಾಳದ ನಮ್ಮ ಮನೆಗೆ ಬಂದಿದ್ದಳು. ಕೂಸು ಹುಟ್ಟುತ್ತಲೇ ತೀರಿಕೊಂಡಿತು. ನಾನು ರಜೆಗೆ ಬಂದಾಗಲೂ ಹಾಲಿನಿಂದ ಅವಳ ಕುಪ್ಪಸ ನೆನೆಯುತ್ತಿತ್ತು. ಯಾರಿಗೂ ಕಾಣದಂತೆ ಸೆರಗು ಹೊದ್ದು ಕೂರುತ್ತಿದ್ದಳು.

ಭಾವ ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆ ನೌಕರ. ಕೂಸಿದ್ದರೆ ಬಾಣಂತಿಯನ್ನು ತೊಟ್ಟಿಲ ಸಮೇತ ಕಳಿಸುವ ರೀತಿ ಎಲ್ಲರಿಗೂ ಗೊತ್ತು. ಕೂಸಿಲ್ಲದವಳನ್ನು? ಗಂಡನ ಮನೆಯವರೇ ಸೀರೆ ತಂದು ಕರೆಯಬೇಕೆಂಬುದು ನಮ್ಮ ಪದ್ಧತಿ. ತವರಿನವರೇ ಉಡಿ ತುಂಬಿ ಕಳಿಸಬೇಕೆಂಬುದು ಅವರದು. ಒಬ್ಬರ ಪದ್ಧತಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಕೇಳುವ ವ್ಯವಧಾನವೂ ಇರಲಿಲ್ಲ.

“ಹೆಣ್ಣು ಕೊಟ್ಟಾವ್ರು ನಾವು. ಕರೀದ ಹೆಂಗ ಕಳಸೂದು?” ಅನ್ನುತ್ತಿದ್ದರು ಅಪ್ಪ. ಹಟ ಅವರಿಗೆ ಊಟಕ್ಕಿಂತ ರುಚಿ.

ಒಂದು ಮಧ್ಯಾಹ್ನ ನಾನು ಥರ್ಮೋಡೈನಾಮಿಕ್ಸ್ ಉರು ಹೊಡೆಯುತ್ತಿದ್ದೆ. ಜೋಳ ಹಸನು ಮಾಡುತ್ತಿದ್ದ ಅಕ್ಕ, “ಏನೋ ಅದು, ಹೇಳಿದ್ದ ಹೇಳ್ತಿ?” ಅಂದಳು.

ಹೇಳಿದೆ. ಸಿಲಿಂಡರಿನೊಳಗೆ ಅನಿಲ, ಮೇಲೆ ಸರಿದಾಡುವ ಪಿಸ್ಟನ್, ಅದರ ಮೇಲೆ ನಿನ್ನ ಮೊರದ ಜೋಳ ಅಂದುಕೋ. ಒಂದೊಂದೇ ಕಾಳು ತೆಗೆದರೆ ಅನಿಲ ಸಾವಕಾಶವಾಗಿ ಹಿಗ್ಗುತ್ತದೆ. ಒಂದೊಂದೇ ತಿರುಗಿ ಇಟ್ಟರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಇದು ರಿವರ್ಸಿಬಲ್. ಡಬ್ಬಿಯ ನಡುವೆ ಕಟ್ಟಿದ ಪರದೆ ಹರಿದು ಆಚೆಯ ಖಾಲಿ ಜಾಗಕ್ಕೆ ನುಗ್ಗಿದ ಅನಿಲ ಮಾತ್ರ ತಾನಾಗಿ ಹಿಂದಕ್ಕೆ ಬರುವುದಿಲ್ಲ.

“ಹಂಗಾರ ಸಾವಕಾಶ ಆದದ್ದು ಕೆಡೂದಿಲ್ಲ,” ಅಂದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಗೆಲುವಾಗಿತ್ತು. ಮೊದಲಿನ ಆ ಹಿಗ್ಗುವಿಕೆ ಲೆಕ್ಕದಲ್ಲಷ್ಟೇ ಇದೆ, ಲೋಕದಲ್ಲಿಲ್ಲ ಎಂದು ಪುಸ್ತಕದಲ್ಲಿತ್ತು. ಅದನ್ನು ಓದಿ ಹೇಳಲು ನನಗೆ ಬಾಯಿ ಬರಲಿಲ್ಲ.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಯುಗಾದಿಯ ನಂತರ ಅವಳ ಮಾವ ಬಾಡಿಗೆ ಚಕ್ಕಡಿಯಲ್ಲಿ ಬಂದಿಳಿದರು. ಅಕ್ಕ ಕೈಯೊರೆಸಿಕೊಳ್ಳುತ್ತ ಓಡಿಬಂದಳು. ಚಕ್ಕಡಿಯಲ್ಲಿ ಮದುವೆಗೆ ನಾವು ಕೊಟ್ಟ ಹಂಡೆ, ಕೊಡ, ಟ್ರಂಕು ಇದ್ದವು. ಭಾವನಿಗೆ ಬೇರೆ ಮದುವೆ ಮಾಡಿ ಮುಗಿಸಿದ್ದರು.

“ನೀವು ಕಳಸ್ತೀರಂತ ದಾರಿ ನೋಡಿದ್ವಿರೀ. ಆಕಿಗೇ ಬರೂ ಮನಸಿಲ್ಲಂತ ತಿಳಕೊಂಡ್ವಿ,” ಅಂದರು ಮಾವ.

“ನೀವು ಕರಿಯಾಕ ಬರ್ತೀರಂತ ನಾವು...” ಅಂದರು ಅಪ್ಪ.

ಇಬ್ಬರು ಹಿರಿಯರನ್ನೂ ಹಿಡಿದು ಜಾಡಿಸಬೇಕೆನಿಸಿತು ನನಗೆ. ಈಗಲೂ ಅನಿಸುತ್ತದೆ.

ಅಕ್ಕ ಮಾವನಿಗೆ ಊಟಕ್ಕೆ ಬಡಿಸಿದಳು. ಅವರು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಅತ್ತರು. ಹೊಸ್ತಿಲು ದಾಟುವಾಗ ರೂಢಿಯ ಮೇಲೆ, “ಬರ್ತೇನಿ ನನ್ನವ್ವಾ,” ಅಂದರು.

“ಹೋಗ್ತೇನಿ ಅನ್ರಿ, ಮಾವಾರ,” ಅಂದಳು ಅಕ್ಕ.